ತೋಳಿನ ಅಡ್ಡಪಟ್ಟಿ

ಹೊಗಳಿದರೋ, ಉಗಿದರೋ? ಕತ್ತರಿ ಹಿಡಿದು ನಿಂತಿದ್ದ ಟೈಲರಿಗೆ ತಲೆಬುಡ ತಿಳಿಯಲಿಲ್ಲ. ಅಂಗಡಿಯ ಯಜಮಾನರು ಕೋಟನ್ನು ಎತ್ತಿ ಹಿಡಿದು, "ಯಾರಪ್ಪಾ ಈ ಜೀನಿಯಸ್ಸು?" ಎಂದಿದ್ದರು. ಆ ಅಂಗಡಿಯಲ್ಲಿ ಅದು ಬೈಗುಳವೇ. ಹೋದ ವಾರ ಕಾಲರ್ ಸುಟ್ಟ ಇಸ್ತ್ರಿಯವನೂ ಜೀನಿಯಸ್ಸೇ ಆಗಿದ್ದ.

ಕೋಟಿನ ತೋಳನ್ನು ಎರಡಿಂಚು ಗಿಡ್ಡವಾಗಿ ಕತ್ತರಿಸಿದವನು ಟೈಲರೇ. ಉಳಿದ ಚೂರುಬಟ್ಟೆಯಲ್ಲಿ, ಬಟ್ಟೆಯ ಗೆರೆಗಳು ಅಡ್ಡ ಬರುವಂತೆ ತೋಳಿನ ತುದಿಗೆ ಪಟ್ಟಿ ಕೂಡಿಸಿ ಅವನ ಮಾನ ಉಳಿಸಿದವಳು, ಮೂಲೆಯಲ್ಲಿ ಕುಳಿತು ಗುಂಡಿಗಳಿಗೆ ಕಾಜಾ ಹೊಲಿಯುವ ಅವನ ಒಡಹುಟ್ಟಿದ ಅಕ್ಕ. ಬೈಗುಳ ಅವಳಿಗೆ ತಾಗಬಾರದೆಂದು, "ನಾನೇ ಸಾರ್," ಎಂದ.

ಯಜಮಾನರು ಅವನ ಬೆನ್ನು ತಟ್ಟಿದರು. "ಗಿರಾಕಿ ಕುಣಿದಾಡ್ತಿದ್ದಾರೆ ಕಣಯ್ಯಾ! ಇಂಥವೇ ಇನ್ನೂ ಆರು ಕೋಟು ಬೇಕಂತೆ. ನಾಳೆಯಿಂದ ಡಿಸೈನೆಲ್ಲ ನಿಂದೇ."

ಬೈಸಿಕೊಳ್ಳಲು ಸಿದ್ಧ ಮಾಡಿಕೊಂಡಿದ್ದ ಮುಖವನ್ನು ಈಗ ಏನು ಮಾಡಬೇಕೋ ಅವನಿಗೆ ತೋಚಲಿಲ್ಲ. ಅಕ್ಕ ಸೂಜಿ ನಿಲ್ಲಿಸಿ ಅವನತ್ತ ನೋಡಿದಳು. ಕಾದಳು.

"ಏನಯ್ಯಾ, ಬಾಯಿಗೆ ಬೀಗ ಹಾಕ್ಕೊಂಡ್ಯಾ?" ಯಜಮಾನರು ನಕ್ಕರು. ಅವನೂ ನಕ್ಕ. ಪಟ್ಟಿ ಅಕ್ಕನದೆಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.