ಮೂರು ಗಂಟೆಯ ಲೈವ್

"ಅಕ್ಕಾ, ನೀವು ಹೇಳ್ತಿರೋದು ಒಂದೂ ಕೇಳಿಸ್ತಿಲ್ಲ. ಬರೀ ಟೀವಿ ಕೇಳಿಸ್ತಿದೆ" ಎಂದು ಫೋನಿನಲ್ಲಿ ಯಾರೋ ಕಾಮೆಂಟ್ ಹಾಕಿದಾಗ, ಚೈತ್ರ ಸೀರೆಯ ಸೆರಗಿನ ಎಳೆಗಳನ್ನು ಸೇರಿಸಿ ಕುಚ್ಚು ಕಟ್ಟುವುದನ್ನು ತೋರಿಸುತ್ತಿದ್ದಳು. ಫೋನಿನ ಹತ್ತಿರ ಬಗ್ಗಿ ಅದನ್ನೇ ಇನ್ನೊಮ್ಮೆ ಹೇಳಿದಳು. ಪ್ರಯೋಜನವಾಗಲಿಲ್ಲ. ಹಾಲ್‌ನಲ್ಲಿ ಮಾವ ಚಿಕ್ಕಬೈರಪ್ಪನವರ ಟೀವಿ, ಅಡುಗೆಮನೆಯಲ್ಲಿ ಅತ್ತೆ ಮರಿಯಮ್ಮನ ಮಿಕ್ಸಿ, ಕೆಳಗೆ ಬಾಡಿಗೆಗೆ ಕೊಟ್ಟ ಮಳಿಗೆಯಲ್ಲಿ ಕಬ್ಬಿಣ ಕೊಯ್ಯುವ ಸದ್ದು, ಅದರಾಚೆ ಕನಕಪುರ ರಸ್ತೆಯ ಬಸ್ಸುಗಳ ಹಾರನ್. ಲೈವ್ ನೋಡುತ್ತಿದ್ದ ಹದಿನಾಲ್ಕು ಜನ ಒಂಬತ್ತಾದರು. ಸ್ವಲ್ಪ ಹೊತ್ತಿಗೆ ನಾಲ್ಕಾದರು.

ಮಾರನೇ ದಿನ ಬೆಳಿಗ್ಗೆ ಗಂಡ ನಂದಕುಮಾರ್ ಶೂ ಹಾಕಿಕೊಳ್ಳುತ್ತಿದ್ದಾಗ, "ಒಂದು ಮೈಕ್ ತಗೋಬೇಕು ಅನ್ಕೊಂಡಿದೀನಿ" ಎಂದಳು.

"ಮೈಕ್ ಯಾಕೆ? ರೂಮಿನ ಬಾಗಿಲು ಹಾಕ್ಕೊಂಡು ಮಾಡು."

"ಬಾಗಿಲು ಹಾಕಿದ್ರೆ ಮಾವ ಕರೆದಿದ್ದು ಕೇಳ್ಸಲ್ಲ."

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತಾಡುತ್ತಲೇ ಮೆಟ್ಟಿಲಿಳಿದು ಹೋದ.

ತಿಂಡಿಯ ಪಾತ್ರೆ ತೊಳೆದಿಟ್ಟು ಚೈತ್ರ ಜರಗನಹಳ್ಳಿಯಲ್ಲಿ ಬಸ್ ಹತ್ತಿದಳು. ಜಯನಗರದ ಮೈಕ್ ಅಂಗಡಿ ಚಿಕ್ಕದು. ಆಗಷ್ಟೇ ಶಟರ್ ಎತ್ತಿದ್ದ ಮಾಲೀಕ ಭಾರ್ಗವ, ಐವತ್ತರ ಆಸುಪಾಸಿನವರು, ಅವಳ ಮನೆಯ ಸದ್ದುಗಳನ್ನೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡು ಎರಡು ಮೈಕ್ ತಂದು ಕೌಂಟರ್ ಮೇಲಿಟ್ಟರು.

"ಇದು ಕಂಡೆನ್ಸರ್ ಮೇಡಂ. ಎಲ್ರೂ ಇದನ್ನೇ ಕೇಳ್ಕೊಂಡು ಬರ್ತಾರೆ. ಆದ್ರೆ ನಿಮ್ಮನೆಗೆ ಬೇಡ, ಪಕ್ಕದ್ಮನೆ ಒಗ್ಗರಣೆ ಸದ್ದನ್ನೂ ಎಳ್ಕೊಂಡ್ಬಿಡುತ್ತೆ. ಈ ಇನ್ನೊಂದು ಡೈನಮಿಕ್. ಬಾಯಿಂದ ನಾಕು ಬೆರಳು ದೂರದಲ್ಲಿಟ್ಕೊಂಡ್ರೆ ನಿಮ್ಮ ಮಾತಷ್ಟೇ ತಗೊಳುತ್ತೆ. ಮಾತಾಡಿ, ರೆಕಾರ್ಡ್ ಮಾಡ್ತೀನಿ." ಅವರು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕುಳಿತರು.

"ಒಂದು, ಎರಡು, ಮೂರು" ಎಂದಳು ಚೈತ್ರ.

"ಹಂಗಲ್ಲ ಮೇಡಂ. ಮನೇಲಿ ಹೆಂಗೆ ಮಾತಾಡ್ತೀರೋ ಹಂಗೆ ಮಾತಾಡಿ."

ಚೈತ್ರ ಯೋಚಿಸಿದಳು. "ಕಾಫಿ ಆಗಿದೆ. ಗೀಸರ್ ಆಫ್ ಮಾಡಿದೀನಿ. ಮಾತ್ರೆ ಟೇಬಲ್ ಮೇಲಿದೆ. ಸಿಲಿಂಡರ್ ಬುಕ್ ಆಯ್ತು." ಮುಂದೆ ಏನೂ ಹೊಳೆಯಲಿಲ್ಲ.

ಭಾರ್ಗವ ಬೇರೆ ಮಾತು ಎತ್ತಿದರೆ ಸರಿಹೋದೀತು ಎಂದುಕೊಂಡು, "ಲೈವ್ ಎಷ್ಟೊತ್ತಿಗೆ ಮಾಡ್ತೀರಾ?" ಎಂದು ಕೇಳಿದರು.

"ಮಧ್ಯಾಹ್ನ ಮೂರು ಗಂಟೆಗೆ."

"ಅಷ್ಟೊತ್ತಲ್ಲಿ ಯಾರು ನೋಡ್ತಾರೆ ಮೇಡಂ? ಸಂಜೆ ಏಳಕ್ಕೆ ಇಟ್ಕೊಳಿ. ಜನ ಬರ್ತಾರೆ."

ಚೈತ್ರ ಮೈಕಿನ ಹತ್ತಿರಕ್ಕೆ ಸರಿದಳು. "ನಮ್ಮಕ್ಕ ದಿನಾ ಮೂರು ಗಂಟೆಗೆ ಫೋನ್ ಮಾಡ್ತಿದ್ಲು. ಮಧುಶ್ರೀ ಅಂತ. ತಲಘಟ್ಟಪುರದಲ್ಲಿದ್ಲು. ಅವಳೂ ಕುಚ್ಚು ಹಾಕ್ತಿದ್ಲು. ಇಬ್ರೂ ಸ್ಪೀಕರ್ ಆನ್ ಮಾಡಿಟ್ಕೊಂಡು ಕೆಲಸ ಮಾಡ್ತಿದ್ವಿ. ದೊಡ್ಡ ಮಾತೇನಿಲ್ಲ. ಯಾವ ಬಣ್ಣದ ದಾರ ಹಾಕ್ಲಿ, ಇವತ್ತೇನು ಸಾರು, ಅಷ್ಟೇ. ಒಂದೊಂದ್ಸಲ ಮಾತೇ ಇರ್ತಿರ್ಲಿಲ್ಲ. ಸುಮ್ನೆ ಫೋನ್ ಆನ್ ಇರ್ತಿತ್ತು. ಯುಗಾದಿ ಆದ್ಮೇಲೆ ಹೋಗ್ಬಿಟ್ಲು. ತಿಥಿ ಮುಗಿಸ್ಕೊಂಡು ಮನೆಗೆ ಬಂದೆ. ಮಾರನೇ ದಿನ ಮೂರು ಗಂಟೆ ಆಯ್ತು. ಕೈಯಲ್ಲಿ ದಾರ ಇತ್ತು, ಮನೇಲಿ ಎಲ್ರೂ ಇದ್ರು. ಯಾರ ಹತ್ರ ಮಾತಾಡೋದು ಅಂತ ಗೊತ್ತಾಗ್ಲಿಲ್ಲ. ಲೈವ್ ಆನ್ ಮಾಡ್ದೆ."

ಲ್ಯಾಪ್‌ಟಾಪ್ ಪರದೆಯ ಮೇಲೆ ಏರಿಳಿಯುತ್ತಿದ್ದ ಹಸಿರು ಗೆರೆ ನೇರವಾಯಿತು. ಭಾರ್ಗವ ರೆಕಾರ್ಡಿಂಗ್ ನಿಲ್ಲಿಸಿದರು.

"ಇದನ್ನ ಅಳಿಸ್ಬಿಡ್ಲಾ ಮೇಡಂ?"

"ಮೊದ್ಲು ಒಂದ್ಸಲ ಕೇಳಿಸಿ."

ಅವರು ಹೆಡ್‌ಫೋನ್ ಅವಳ ಕೈಗೆ ಕೊಟ್ಟರು. ಅಂಗಡಿ ಮುಂದೆ ಆಟೊಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು, ಆದರೆ ರೆಕಾರ್ಡಿನಲ್ಲಿ ಅವುಗಳ ಸುಳಿವೇ ಇರಲಿಲ್ಲ. ಒಂದು ಹೆಣ್ಣುದನಿ ಮಾತ್ರ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಹತ್ತಿರದಲ್ಲಿತ್ತು. ತನ್ನ ದನಿ ಇಷ್ಟೊಂದು ಅಕ್ಕನ ದನಿಯ ಹಾಗಿದೆ ಎಂದು ಚೈತ್ರಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೊನೆಯವರೆಗೆ ಕೇಳಿ, ಮತ್ತೆ ಮೊದಲಿಂದ ಕೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, "ಈ ಮೈಕೇ ಕೊಡಿ. ಅದನ್ನ ಅಳಿಸ್ಬೇಡಿ, ನನ್ನ ಫೋನಿಗೆ ಕಳಿಸಿ" ಎಂದಳು.

ಅಂದು ಮಧ್ಯಾಹ್ನ ಮೂರಕ್ಕೆ ಹೊಸ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು, ಮಡಿಲಲ್ಲಿ ನೇರಳೆ ಸೀರೆ ಹರಡಿಕೊಂಡು ಲೈವ್ ಶುರುಮಾಡಿದಳು. ಹಾಲ್‌ನಲ್ಲಿ ಟೀವಿ ಎಂದಿಗಿಂತ ಜೋರಾಗಿತ್ತು. ಅತ್ತೆ ಮಿಕ್ಸಿಯ ಸದ್ದನ್ನೂ ಮೀರಿಸುವ ಹಾಗೆ ಫೋನಿನಲ್ಲಿ ನೆಂಟರೊಬ್ಬರ ಜೊತೆ ಮಾತಾಡುತ್ತಿದ್ದರು. ಹನ್ನೊಂದು ಜನ ಬಂದರು. "ಸಖತ್ ಕ್ಲಿಯರ್ ಆಗಿದೆ ಅಕ್ಕ" ಎಂದು ಒಬ್ಬರು ಬರೆದರು. ಅರ್ಪಿತ ಎನ್ನುವ ಹೊಸ ಹೆಸರೊಂದು ಕಾಣಿಸಿಕೊಂಡಿತು.

"ಒಂಚೂರೂ ಸದ್ದಿಲ್ಲ ನಿಮ್ಮನೇಲಿ. ಒಬ್ರೇ ಇದೀರಾ ಅಕ್ಕ?"

"ಚೈತ್ರಾ, ಕಾಫಿ" ಎಂದು ಹಾಲ್‌ನಿಂದ ಮಾವ ಕೂಗಿದರು. "ಚೈತ್ರಾ, ಮಾವ ಕರೀತಾವ್ರೆ ನೋಡು" ಎಂದು ಅಡುಗೆಮನೆಯಿಂದ ಅತ್ತೆಯೂ ಕೂಗಿದರು.

ಚೈತ್ರ ಪ್ರಶ್ನೆಯನ್ನು ಇನ್ನೊಂದು ಸಲ ಓದಿದಳು.

"ಹೂಂ," ಎಂದಳು ಮೈಕಿಗೆ, "ಒಬ್ಳೇ."