ಮೂರನೇ ಗೇರಿನ ಮಹಿಮೆ

ಎ.ಸಿ. ಹಾಕಿಕೊಂಡೇ, ಮೂರನೇ ಗೇರಿನಲ್ಲೇ ಕಾರು ಮೇಲ್ಸೇತುವೆ ಹತ್ತಿ ಇಳಿದಾಗ ಮಧ್ವರಾಜರು ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ತಮ್ಮನನ್ನು ಓರೆಗಣ್ಣಿನಲ್ಲಿ ನೋಡಿದರು.

"ಈಗ ಎಂತ ಹೇಳ್ತೀಯ? ಎಂಜಿನ್ನಿಗೆ ಶಕ್ತಿ ಹೆಚ್ಚಿಸುವ ಈ ಚಿಪ್ ಹಾಕಿಸುವ ಮೊದಲು ಇಲ್ಲಿ ಎರಡನೇ ಗೇರಿನಲ್ಲೂ ಏದುಸಿರು ಬಿಡ್ತಿತ್ತು."

ಚೆನ್ನೈನ ಕ್ರೋಂಪೇಟೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುವ ಸುಕೇಶ್ ಕಾರು ನಿಲ್ಲಿಸಲು ಹೇಳಿದ. ಬಾನೆಟ್ ಎತ್ತಿ, ಬೆಂಕಿಪೆಟ್ಟಿಗೆಯಷ್ಟಿದ್ದ ಚಿಪ್ಪನ್ನು ಕಳಚಿ, ವಯರುಗಳನ್ನು ಮೊದಲಿದ್ದಂತೆ ಜೋಡಿಸಿದ.

"ಇನ್ನೊಮ್ಮೆ ಹತ್ತಿಸಿ ಬಾವ."

ಕಾರು ಅದೇ ಗೇರಿನಲ್ಲಿ, ಅದೇ ಠೀವಿಯಲ್ಲಿ ಹತ್ತಿತು.

ಸಾಂಬಾರಿನ ಹಬೆ ಮೂಗಿಗೆ ಬಡಿದರೆ ಸಾಕು, ಇಂಗಿನ ಅಂಗಡಿ ಬದಲಾದದ್ದನ್ನು ಹೇಳಬಲ್ಲ ಹೋಟೆಲ್ ಮಾಲೀಕ ಮಧ್ವರಾಜರು. ಜಾಹೀರಾತು ನೋಡಿ ಟೋಪಿ ಹಾಕಿಸಿಕೊಂಡೆ ಎಂದು ಒಪ್ಪುವುದುಂಟೇ? ಸಾಲದ್ದಕ್ಕೆ, ಇವರ ಮಾತು ನಂಬಿ ಅಡ್ಯಾರಿನ ಹೋಟೆಲಿನ ಕಿಟ್ಟಣ್ಣನೂ ಅಂದೇ ಬೆಳಿಗ್ಗೆ ತನ್ನ ಕಾರಿಗೆ ಅದೇ ಚಿಪ್ ಹಾಕಿಸಲು ಹೋಗಿದ್ದ. ಚಿಪ್ ಸುಳ್ಳಾದರೆ ಚೆನ್ನೈನ ಹೋಟೆಲಿನವರ ನಡುವೆ ಇವರ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯುತ್ತಿರಲಿಲ್ಲ.

"ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗ್ತದಾ? ಎಂಜಿನ್ನಿಗೆ ಗುಣ ಹಿಡಿದಾಯ್ತು. ಇನ್ನು ಚಿಪ್ ಇದ್ದರೆಷ್ಟು, ಬಿಟ್ಟರೆಷ್ಟು?" ಎಂದರು.

ಸುಕೇಶ್ ಚಿಪ್ಪನ್ನು ಜೇಬಿಗೆ ಹಾಕಿಕೊಂಡ.

ಅಣ್ಣಾ ನಗರದ ತಮ್ಮ ಹೋಟೆಲಿಗೆ ಮರಳಿದಾಗ, ಗಲ್ಲಾದಲ್ಲಿದ್ದ ಹೆಂಡತಿ ವಿನೋದಾ ಇಬ್ಬರ ವಾದವನ್ನೂ ಕೇಳಿ ನಕ್ಕರು. "ನೀವು ಚಿಪ್ ಹಾಕಿಸಲಿಕ್ಕೆ ಹೊರಟ ದಿನ ಬೆಳಿಗ್ಗೆ ಡಿಕ್ಕಿಯಲ್ಲಿದ್ದ ಗ್ರೈಂಡರಿನ ಕಲ್ಲು ಇಳಿಸಿಕೊಂಡದ್ದು ನಾನು. ಸವೆದ ಕಲ್ಲಿಗೆ ಉಳಿ ಹೊಡೆಸಿ ತರ್ತೇನೆ ಅಂತ ದೀಪಾವಳಿಗೆ ನೀವು ಹಾಕಿಕೊಂಡದ್ದು, ಶಿವರಾತ್ರಿ ಕಳೆದರೂ ಅಲ್ಲೇ ಇತ್ತು. ಎತ್ತಲಿಕ್ಕೆ ನಾಲ್ಕು ಜನ ಬೇಕಾಯ್ತು."

ಅಡುಗೆಮನೆಯ ಬಾಗಿಲಲ್ಲಿ ಕಲ್ಲು ಸಾಕ್ಷಿಗೆ ಕುಳಿತಿತ್ತು. ಮಧ್ವರಾಜರಿಗೆ ನಿಜಕ್ಕೂ ಅವಮಾನವಾಯಿತು. ಸುಕೇಶ್ ನಗು ತಡೆದುಕೊಂಡು ಚಿಪ್ಪನ್ನು ಗಲ್ಲಾದ ಮೇಲಿಟ್ಟ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕಿಟ್ಟಣ್ಣ.

"ಮಧ್ವರಾಜಣ್ಣ, ಚಿಪ್ ಹಾಕಿಸಿದೆ. ಗಾಡಿಯಲ್ಲಿ ಎಂತ ವ್ಯತ್ಯಾಸವೂ ಕಾಣುವುದಿಲ್ಲವಲ್ಲ?"

ಮಧ್ವರಾಜರು ಕಲ್ಲಿನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

"ಡಿಕ್ಕಿಯಲ್ಲಿ ಎಂತ ಉಂಟು?"

"ಎರಡು ಮೂಟೆ ಅಕ್ಕಿ."

"ಮೊದಲು ಅದನ್ನು ಇಳಿಸು ಮಾರಾಯ. ಡಿಕ್ಕಿ ಖಾಲಿ ಇಲ್ಲದಿದ್ದರೆ ಚಿಪ್ ಹೇಗೆ ಕೆಲಸ ಮಾಡುವುದು?"