ಕೋಟೆಯೂರಿನ ಜಾಮೀನು

“ಇವನಿಗೆ ಜಾಮೀನು ನಿಲ್ಲುವುದಕ್ಕಿಂತ ಅಗೋ, ಅವನಿಗೆ ನಿಲ್ಲಬಹುದು” ಎಂದು ಮಥಾಯಸ್ ಕೋಟೆಗೋಡೆಯ ಮೇಲೆ ಕೂತು ಹೇನು ಹೆಕ್ಕುತ್ತಿದ್ದ ದೊಡ್ಡ ಮಂಗನನ್ನು ತೋರಿಸಿದ. “ಅದಕ್ಕಾದರೂ ಹೊತ್ತು ಮುಳುಗುವಾಗ ತನ್ನ ಗೋಡೆಗೆ ವಾಪಸ್ ಬರಬೇಕು ಎನ್ನುವ ಬುದ್ಧಿ ಉಂಟು.”

ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಫಾರ್ಮಸಿಯ ಡೆಲ್ವಿನ್ ಎದ್ದು ನಿಂತು ಮಂಗನಿಗೊಂದು ಸಲಾಂ ಹೊಡೆದ. ಬಿರಿಯಾನಿ ಪಾತ್ರೆಯನ್ನು ಬೆಟ್ಟದ ಬುಡದಿಂದ ಹೊತ್ತು ತಂದಿದ್ದ ಕಲಂದರ್ ಅದನ್ನಿನ್ನೂ ಕೆಳಗಿಟ್ಟಿರಲಿಲ್ಲ. ಬಿಸಿ ಪಾತ್ರೆ ಅಂಗೈ ಸುಡುತ್ತಿತ್ತು. ಅವನಿಗೆ ಅದು ತಿಳಿಯಲೇ ಇಲ್ಲ.

ಅರಬ್ ನಾಡಿನ ಅಭಾ ಪಟ್ಟಣದ ಆಸ್ಪತ್ರೆಯೊಂದರ ವ್ಯಾನ್ ಡ್ರೈವರ್ ಅವನು. ಕುವೈತ್ ಯುದ್ಧ ಮುಗಿದ ವರ್ಷ, ಮದುವೆಯ ಹೊಸ ಅಂಗಿ ಇನ್ನೂ ಮಾಸುವ ಮೊದಲೇ ಬಂದವನು ಮತ್ತೆ ಊರಿನ ಮುಖ ಕಂಡಿಲ್ಲ. ಡ್ರೈವರೋ ಅಡುಗೆಯವನೋ ರಜೆಯಲ್ಲಿ ಊರಿಗೆ ಹೋಗಬೇಕಾದರೆ ಆಸ್ಪತ್ರೆಯ ಮೇಲಿನ ಕೆಲಸದವರೊಬ್ಬರು ಜಾಮೀನಿಗೆ ಸಹಿ ಹಾಕಬೇಕು. ಹೋದವನು ಬಾರದಿದ್ದರೆ ಸಹಿ ಹಾಕಿದವರ ರಜೆ ಹೋಯಿತು. ಉಪ್ಪಿನಂಗಡಿಯಿಂದ ಹೆಂಡತಿ ಹಲೀಮತ್ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸಿದ್ದಳು: “ಬಕ್ರೀದಿನೊಳಗೆ ನೀವು ಬಾರದಿದ್ದರೆ ಅಣ್ಣಂದಿರು ತಲಾಖ್ ಕೇಳ್ತಾರಂತೆ. ನಾನೊಬ್ಬಳೇ ಎಷ್ಟೂಂತ ಅವರ ಬಾಯಿ ಮುಚ್ಚಿಸಲಿ?” ವ್ಯಾನಿನ ಟೇಪ್ ರೆಕಾರ್ಡರಿನಲ್ಲಿ ಅದನ್ನೇ ಹಾಕಿ ಹಾಕಿ ಅವಳ ದನಿ ಸವೆದು ಬೇರೆ ಯಾರದೋ ದನಿಯಾಗಿತ್ತು. ನಾಲ್ಕು ಜನರ ಎದುರು ಕೇಳಿದರೆ ದೊಡ್ಡವರು ಇಲ್ಲ ಎನ್ನಲಾರರು, ಊರಿನಲ್ಲಿ ಹಾಗೇ ಅಲ್ಲವೇ ಎಂದು ಲೆಕ್ಕ ಹಾಕಿ, ಶುಕ್ರವಾರದ ಈ ತಿರುಗಾಟದಲ್ಲೇ ಲ್ಯಾಬಿನ ಮಥಾಯಸನನ್ನು ಕೇಳಿದ್ದ. ಆ ಲೆಕ್ಕ ಈಗ ಅವನ ಮುಖಕ್ಕೇ ಉಗಿದಿತ್ತು.

“ಪೊರ್ಬುಗಳೇ, ಸಹಿ ಹಾಕದಿದ್ದರೆ ಬೇಡ. ಮಂಗ ಗಿಂಗ ಅಂತ ಯಾಕೆ?” ಅಂದ. ಊರಿನಲ್ಲಿ ಕ್ರೈಸ್ತ ಯಜಮಾನರನ್ನು ಕರೆಯುವ ಹಾಗೇ ಕರೆದಿದ್ದ.

“ಎಂತ ಯಾಕೆ? ‘ಅಡುಗೆಯ ಅಬ್ದುಲ್ಲ ಕುಂಞಿ ನಮ್ಮೂರಿನವ, ಚಿನ್ನದಂಥ ಮನುಷ್ಯ, ಸಹಿ ಹಾಕಿ’ ಅಂತ ನನ್ನ ಬೆನ್ನು ಹತ್ತಿದವ ಯಾರು? ನೀನೇ ಅಲ್ವಾ ಮಾರಾಯ? ರಜೆಯಲ್ಲಿ ಹೋದವ ಊರಲ್ಲೇ ಹೋಟೆಲ್ ಇಟ್ಟು ಕೂತ. ನನ್ನ ರಜೆ ಕಟ್. ನಮ್ಮಮ್ಮನನ್ನು ಮಣ್ಣಿಗಿಡುವಾಗ ನಾನಿಲ್ಲಿ ಯಾರದೋ ರಕ್ತ ಪರೀಕ್ಷೆ ಮಾಡ್ತಿದ್ದೆ.”

ಈಗ ಯಾರೂ ನಗಲಿಲ್ಲ. ಬೆಟ್ಟದ ನೆತ್ತಿಯ ಆ ಹಳೇ ಊರಿನಲ್ಲಿ ಬುರುಜಿನಂಥ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಮಣ್ಣುಗೋಡೆ ಮಳೆಗೆ ಕರಗದಂತೆ ಸಾಲು ಸಾಲು ಕಲ್ಚಪ್ಪಡಿ ಸಿಕ್ಕಿಸಿದ್ದರು. ಒಳಗೆ ಒಂದು ನರಪಿಳ್ಳೆ ಇಲ್ಲ. ಆ ಸೀಮೆಯ ರೂಢಿಯಂತೆ ತಲೆಗೆ ಹೂವು, ಸೊಪ್ಪಿನ ಮಾಲೆ ಸುತ್ತಿಕೊಂಡಿದ್ದ ಮುದಿ ಕಾವಲುಗಾರ ಬರುವಾಗಲೇ ಹೇಳಿದ್ದ: ಸುತ್ತ ಪ್ರಪಾತ, ಹತ್ತಲಿಕ್ಕೂ ಇಳಿಯಲಿಕ್ಕೂ ಇದೊಂದೇ ದಾರಿ, ಶತ್ರು ಬಂದರೂ ಒಬ್ಬೊಬ್ಬನೇ ತಲೆ ತಗ್ಗಿಸಿ ಈ ಬಾಗಿಲು ದಾಟಬೇಕು.

“ಕಲಂದರ್, ಪಾತ್ರೆ ಕೆಳಗಿಡು” ಎಂದಳು ಮಥಾಯಸನ ಹೆಂಡತಿ ಮೆಟಿಲ್ಡಾ, ಅದೇ ಆಸ್ಪತ್ರೆಯ ನರ್ಸು. “ಸಹಿ ನಾನು ಹಾಕ್ತೇನೆ.”

“ನಿಂಗೆ ಮರ್ಲಾ? ತಲೆ ಕೆಟ್ಟಿತಾ?” ಮಥಾಯಸ್ ತಿರುಗಿದ. “ಕ್ರಿಸ್ಮಸ್ಸಿಗೆ ಊರಿಗೆ ಹೋಗುವುದು ಬೇಡ್ವಾ? ಶಿರ್ವದಲ್ಲಿ ಮಕ್ಕಳು ದಾರಿ ನೋಡ್ತಾ ಇಲ್ವಾ?”

“ಬೇಕು. ಅದಕ್ಕೇ ಇವನ ಮಾತು ಕೇಳಿಯೇ ಸಹಿ ಹಾಕ್ತೇನೆ.” ಅವಳು ಕಲಂದರನ ಎದುರು ಬಂದು ನಿಂತಳು. “ನೋಡು, ಕುರ್‌ಆನ್ ಮೇಲೆ ಆಣೆ ಬೇಡ, ಹೆಂಡತಿ ಮೇಲೆ ಆಣೆ ಬೇಡ. ನನ್ನ ಮುಖ ನೋಡಿ ಒಂದು ಮಾತು ಹೇಳು, ಸಾಕು. ಹೋದವ ವಾಪಸ್ ಬರ್ತೀಯಾ?”

ಹೂಂ ಎನ್ನಲು ಎಷ್ಟು ಹೊತ್ತು? ನಾಲಿಗೆ ತುದಿಯಲ್ಲೇ ಇತ್ತು. ಆದರೆ ಹಲೀಮತಳಿಗೆ ಉತ್ತರವಾಗಿ ಅವನು ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ ಆಗಲೇ ಊರು ಮುಟ್ಟಿತ್ತು. ವ್ಯಾನಿನ ಕಿಟಕಿ ಗಾಜು ಏರಿಸಿ, ಹಲ್ಲು ಕಚ್ಚಿ ಹೇಳಿದ್ದ: “ಒಮ್ಮೆ ಬಂದು ನಿನ್ನ ಹೊಸ್ತಿಲು ತುಳಿದರೆ ಸಾಕು, ಆಮೇಲೆ ಯಾರು ಹಾಳಾಗಿ ಹೋದರೂ ಈ ನರಕಕ್ಕೆ ನಾನು ತಿರುಗಿ ಬರುವುದಿಲ್ಲ.” ಆ ‘ಯಾರು’ ಎಂಬುದಕ್ಕೆ ಆಗ ಮುಖ ಇರಲಿಲ್ಲ. ಈಗ ಆ ಮುಖ ಗೇಣು ದೂರದಲ್ಲಿ ನಿಂತು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿತ್ತು.

“ಹೇಳು ಮಾರಾಯ” ಎಂದ ಮಥಾಯಸ್. ದನಿಯಲ್ಲಿ ಈಗ ಕುಹಕ ಇರಲಿಲ್ಲ, ಬೇಡುವವನ ಹಾಗಿತ್ತು. “ಬರ್ತೇನೆ ಅನ್ನು.”

ಕಲಂದರ್ ಪಾತ್ರೆಯನ್ನು ಮೆಟಿಲ್ಡಾಳ ಕಾಲ ಬಳಿ ಇಟ್ಟ. ಅಂಗೈ ಕೆಂಪಗೆ ಬೊಕ್ಕೆ ಎದ್ದಿತ್ತು. ತಲೆ ತಗ್ಗಿಸಿ ಕೋಟೆಬಾಗಿಲು ದಾಟಿದ.

“ಕಲಂದರ್, ಎಲ್ಲಿಗೆ?” ಮೆಟಿಲ್ಡಾ ಕೂಗಿದಳು.

ಅವನದು ಸಿಟ್ಟಿನ ಹೆಜ್ಜೆ, ಕಾಲಡಿಯ ಕಲ್ಲು ಉರುಳಿಸುತ್ತ ಇಳಿದೇ ಇಳಿದ. ಇಡೀ ಬೆಟ್ಟಕ್ಕೆ ಇದ್ದದ್ದು ಅದೊಂದೇ ದಾರಿ. ಅದು ಸುತ್ತಿ ಬಳಸಿ ಹೋಗಿ ಎಲ್ಲರನ್ನೂ ಅವನೇ ಕೂರಿಸಿ ತಂದಿದ್ದ ಆಸ್ಪತ್ರೆಯ ಬಿಳಿ ವ್ಯಾನಿನ ಎದುರು ಮುಗಿಯುತ್ತಿತ್ತು.